ಅದೇ ಅವತಾರ, ಅದೇ ದನಿ, ಆದರೆ ಅವನಲ್ಲ: ವರ್ಚುವಲ್ ಲೋಕದಲ್ಲಿ ಏನು ನೋಡಿ ನಂಬಬೇಕು?

ನೀಲಿ_ಹೆಲ್ಮೆಟ್

ನಾವು ಕೆಲವು ಗೆಳೆಯರು ಸೇರಿ ಒಂದು ಆನ್‌ಲೈನ್ ಗೇಮ್ ಆಡುತ್ತೇವೆ. ಹೆಸರು ಬೇಡ, ಇಂಥದ್ದು ಯಾವ ಗೇಮಿನಲ್ಲೂ ಆಗಬಹುದು. ನಮ್ಮದೊಂದು ಗಿಲ್ಡ್ ಇದೆ, ಅಂದರೆ ಒಟ್ಟಿಗೆ ಆಡುವವರ ತಂಡ. ಅದಕ್ಕೊಂದು ಖಜಾನೆ. ಎಲ್ಲರೂ ಗೆದ್ದ ನಾಣ್ಯ, ಕತ್ತಿ, ಕುದುರೆ ಎಲ್ಲ ಅಲ್ಲೇ ಇರುತ್ತವೆ.

ಮೊನ್ನೆ ರಾತ್ರಿ ನಮ್ಮ ಲೀಡರ್ ವಾಯ್ಸ್ ಚಾಟಿಗೆ ಬಂದ. ಅದೇ ಕೆಂಪು ಮೇಲಂಗಿಯ ಅವತಾರ, ಅಂದರೆ ಗೇಮಿನೊಳಗೆ ಅವನ ಬದಲಿಗೆ ಕಾಣುವ ಬೊಂಬೆ. ಅದೇ ದನಿ. ಮಾತು ಶುರು ಮಾಡುವ ಮುಂಚೆ "ಹಾಂ, ಕೇಳ್ರಪ್ಪಾ" ಅನ್ನುವ ಅದೇ ಚಾಳಿ. "ಹಳೇ ಅಕೌಂಟ್ ಲಾಕ್ ಆಗಿದೆ, ಸದ್ಯಕ್ಕೆ ಇದರಲ್ಲಿ ಬಂದಿದ್ದೀನಿ. ಇವತ್ತೊಂದಿನ ಇದಕ್ಕೆ ಖಜಾನೆ ಪರ್ಮಿಷನ್ ಕೊಟ್ಟಿರು" ಅಂದ. ಖಜಾನೆ ನೋಡಿಕೊಳ್ಳುವ ಹುಡುಗ ಕೊಟ್ಟ. ಅಷ್ಟೇ. ನಾವೆಲ್ಲ ಮಾತಾಡುತ್ತಾ ಇರುವಾಗಲೇ ಖಜಾನೆ ಖಾಲಿಯಾಯಿತು, ಕೆಂಪು ಮೇಲಂಗಿ ಮಾಯವಾಯಿತು. ನಿಜವಾದ ಲೀಡರ್ ಆ ಹೊತ್ತಿನಲ್ಲಿ ಗಾಢ ನಿದ್ದೆಯಲ್ಲಿದ್ದ.

ಅವನು ತನ್ನ ಆಟವನ್ನು ಸ್ಟ್ರೀಮ್ ಮಾಡುತ್ತಾನೆ, ಅಂದರೆ ಮಾತಾಡುತ್ತಾ ಆಡುವುದನ್ನು ಆನ್‌ಲೈನಿನಲ್ಲಿ ಎಲ್ಲರಿಗೂ ತೋರಿಸುತ್ತಾನೆ. ದನಿ ಎಲ್ಲಿಂದ ಸಿಕ್ಕಿತು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಗೇಮ್ ಕಂಪನಿಗೆ ಬರೆದೆವು. "ನಿಮ್ಮ ಸದಸ್ಯರೇ ಪರ್ಮಿಷನ್ ಕೊಟ್ಟಿದ್ದಾರೆ, ಆದ್ದರಿಂದ ಇದು ಹ್ಯಾಕ್ ಅಲ್ಲ" ಅಂತ ಉತ್ತರ ಬಂತು. ಈಗ ಎಲ್ಲರೂ ಆ ಹುಡುಗನನ್ನು ಬೈಯುತ್ತಿದ್ದಾರೆ. ನನಗೆ ಮಾತ್ರ ಬೈಯಲು ಮನಸ್ಸು ಬರುತ್ತಿಲ್ಲ. ದನಿ ಕೇಳಿ ನಂಬದೆ ಇನ್ನೇನು ನೋಡಿ ನಂಬಬೇಕಿತ್ತು? ತಿಳಿದವರು ಹೇಳಿ.

ಕೋಡು_ಗೀಚುವವ

ಹುಡುಗನನ್ನು ಬೈಯಬೇಡಿ. ಮೈಕ್ರೋಸಾಫ್ಟ್‌ನವರು 2023ರಲ್ಲಿ ವ್ಯಾಲ್-ಇ ಅನ್ನುವ ಎಐ ಮಾದರಿ ತೋರಿಸಿದಾಗ, ಒಬ್ಬರ ದನಿ ಅನುಕರಿಸಲು ಅದಕ್ಕೆ ಬೇಕಾಗಿದ್ದು 3 ಸೆಕೆಂಡಿನ ತುಣುಕು. ನಿಮ್ಮ ಲೀಡರ್ ಗಂಟೆಗಟ್ಟಲೆ ಮಾತು ಪುಕ್ಕಟೆ ಹಾಕಿಟ್ಟಿದ್ದಾನೆ. ನಗು, ಸಿಟ್ಟು, ಆ "ಕೇಳ್ರಪ್ಪಾ" ಎಲ್ಲ ಅದರಲ್ಲಿವೆ. ಈಗಂತೂ ಬೇರೆಯವನು ಮೈಕಿನಲ್ಲಿ ಮಾತಾಡುತ್ತಿರುವಾಗಲೇ ಅವನ ಮಾತು ನಿಮ್ಮ ಲೀಡರ್ ದನಿಯಾಗಿ ಹೊರಗೆ ಬರುತ್ತದೆ. ಮೊದಲೇ ರೆಕಾರ್ಡ್ ಮಾಡಿ ತರಬೇಕಾಗಿಲ್ಲ. ನೀವು ಪ್ರಶ್ನೆ ಕೇಳಿದರೂ ತಡವರಿಸದೆ ಉತ್ತರ ಕೊಡುತ್ತಾನೆ.

ಇನ್ನೊಂದು ವಿಷಯವನ್ನು ಜನ ಗಮನಿಸುವುದಿಲ್ಲ. ಡೀಪ್‌ಫೇಕ್ ಅಂದರೆ ಎಐ ಮಾಡಿದ ಒಬ್ಬರ ನಕಲಿ ಮುಖ ಅಥವಾ ದನಿ. ಅದರಲ್ಲಿ ವಿಡಿಯೋ ಮಾಡುವವನಿಗೆ ಕೆಲಸ ಜಾಸ್ತಿ. ತುಟಿ ಮಾತಿಗೆ ಹೊಂದಬೇಕು, ಹಲ್ಲು ಸರಿಯಾಗಿ ಕಾಣಬೇಕು, ಮುಖದ ಮೇಲೆ ಬೀಳುವ ಬೆಳಕು ಕೋಣೆಯ ಬೆಳಕಿಗೆ ಸರಿಹೋಗಬೇಕು. ವರ್ಚುವಲ್ ಲೋಕದಲ್ಲಿ ಇದು ಯಾವುದೂ ಬೇಡ. ಅವತಾರ ಅನ್ನುವುದು ಯಾರು ಬೇಕಾದರೂ ತೊಡಬಹುದಾದ ವೇಷ. ಕೆಂಪು ಮೇಲಂಗಿ ಅಂಗಡಿಯಲ್ಲಿ ಸಿಗುತ್ತದೆ, ಅದೇ ಕೂದಲು, ಅದೇ ಎತ್ತರ ಆರಿಸಿದರೆ ಮುಗಿಯಿತು. ಹೆಸರಿನಲ್ಲಿ ಇಂಗ್ಲಿಷಿನ ಸಣ್ಣ ಎಲ್ ಇದ್ದಲ್ಲಿ ದೊಡ್ಡ ಐ ಹಾಕುತ್ತಾರೆ, ಎಷ್ಟೋ ಫಾಂಟುಗಳಲ್ಲಿ ಎರಡೂ ಒಂದೇ ಗೆರೆ. ಇಲ್ಲವೇ ರಷ್ಯನ್ ಲಿಪಿಯ ಅಕ್ಷರ ತಂದು ಕೂರಿಸುತ್ತಾರೆ. ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಅಂದರೆ ಅಲ್ಲಿ ಗುರುತಿಗೆ ಅಂತ ಉಳಿದಿದ್ದೇ ದನಿ. ಈಗ ಅದೂ ಹೋಯಿತು.

ಸುಮ್ನೆ_ಬಂದೆ

ಬೇಜಾರು ಮಾಡ್ಕೋಬೇಡಿ ಗುರು. ಗೇಮಿನ ಕತ್ತಿ, ಗೇಮಿನ ಕುದುರೆ. ಹೋದರೆ ಇನ್ನೊಂದು ಸಲ ಆಡಿ ಗೆದ್ದುಕೊಂಡರಾಯಿತು. ಇದಕ್ಕೆ ಸೈಬರ್ ಅಪರಾಧ ಅಂತೆಲ್ಲ ದೊಡ್ಡ ಹೆಸರು ಯಾಕೆ?

ಕಾನೂನು_ಓದುವವಳು

ಈ ಪ್ರಶ್ನೆ ಕೋರ್ಟಿಗೇ ಹೋಗಿದೆ. ನೆದರ್ಲೆಂಡ್ಸ್‌ನಲ್ಲಿ 2007ರಲ್ಲಿ ಇಬ್ಬರು ಹುಡುಗರು 13 ವರ್ಷದ ಇನ್ನೊಬ್ಬ ಹುಡುಗನಿಗೆ ಹೊಡೆದು, ಚಾಕು ತೋರಿಸಿ, ರೂನ್‌ಸ್ಕೇಪ್ ಅನ್ನುವ ಗೇಮಿಗೆ ಲಾಗಿನ್ ಮಾಡಿಸಿದರು. ಅವನ ಬಳಿ ಇದ್ದ ಒಂದು ತಾಯತ ಮತ್ತು ಒಂದು ಮುಖವಾಡವನ್ನು ತಮ್ಮ ಅಕೌಂಟಿಗೆ ವರ್ಗ ಮಾಡಿಕೊಂಡರು. ಎರಡೂ ಗೇಮಿನೊಳಗಿನ ವಸ್ತುಗಳು. "ಅವು ನಿಜವಾದ ವಸ್ತುಗಳಲ್ಲ, ಬರೀ ಕಂಪ್ಯೂಟರಿನ ಅಂಕಿಗಳು, ಹಾಗಾಗಿ ಕಳ್ಳತನ ಹೇಗಾಗುತ್ತದೆ" ಅಂತ ವಕೀಲರು ವಾದಿಸಿದರು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹುಡುಗ ಸಮಯ ಹಾಕಿ, ಕಷ್ಟಪಟ್ಟು ಸಂಪಾದಿಸಿದ್ದ. ಅದು ಅವನ ಹಿಡಿತದಲ್ಲಿತ್ತು, ಇವರು ಕಿತ್ತುಕೊಂಡ ಮೇಲೆ ಅವನ ಹಿಡಿತದಲ್ಲಿ ಇಲ್ಲ. ಹಾಗಾಗಿ ಕಳ್ಳತನವೇ ಅಂದಿತು.

ಎಲ್ಲ ದೇಶದಲ್ಲೂ ಕಾನೂನು ಇಷ್ಟು ಸ್ಪಷ್ಟವಾಗಿಲ್ಲ, ನಿಜ. ಆದರೆ "ಬರೀ ಗೇಮು" ಅನ್ನುವ ವಾದ ಹಳೆಯದಾಯಿತು.

ದುಡ್ಡಿನ ಲೆಕ್ಕದಲ್ಲಿ ಹೇಳಬೇಕೆಂದರೆ ಆಕ್ಸಿ ಇನ್ಫಿನಿಟಿ ಕಥೆ ಇದೆ. ಮುದ್ದು ಮುದ್ದಾದ ಪ್ರಾಣಿಗಳನ್ನು ಸಾಕಿ ಕಾದಾಡಿಸುವ ಆಟ. ಅದರ ದುಡ್ಡು ಓಡಾಡುವ ರೋನಿನ್ ಸೇತುವೆಯಿಂದ (ಒಂದು ಕ್ರಿಪ್ಟೋ ಜಾಲದಿಂದ ಇನ್ನೊಂದಕ್ಕೆ ದುಡ್ಡು ದಾಟಿಸುವ ಏರ್ಪಾಡು) ಮಾರ್ಚ್ 2022ರಲ್ಲಿ 60 ಕೋಟಿ ಡಾಲರ್‌ಗೂ ಜಾಸ್ತಿ ಬೆಲೆಯ ಕ್ರಿಪ್ಟೋ ಹೋಯಿತು. ಉತ್ತರ ಕೊರಿಯಾದ ಲಾಜರಸ್ ಅನ್ನುವ ಹ್ಯಾಕರ್ ಗುಂಪಿನ ಕೆಲಸ ಅಂತ ಅಮೆರಿಕದ ಎಫ್‌ಬಿಐ ಹೇಳಿತು. ನನಗೆ ಮೊತ್ತಕ್ಕಿಂತ ವಿಚಿತ್ರ ಅನ್ನಿಸಿದ್ದು ಕಳ್ಳತನ ನಡೆದ ರೀತಿ. ದುಡ್ಡು ಹೊರಗೆ ಹೋಗಬೇಕಾದರೆ 9 ಕೀಲಿಗಳಲ್ಲಿ 5 ಒಪ್ಪಬೇಕಿತ್ತು. ಅದರಲ್ಲಿ 4 ಒಂದೇ ಕಂಪನಿಯ ಕೈಯಲ್ಲಿದ್ದವು. ಐದನೆಯದು ಬೇರೆಯವರದ್ದು. ಆದರೆ ಅವರು 2021ರ ನವೆಂಬರಿನಲ್ಲಿ, ಜನ ಜಾಸ್ತಿಯಾಗಿ ಕೆಲಸದ ಒತ್ತಡ ಇದ್ದಾಗ, ತಮ್ಮ ಪರವಾಗಿ ಸಹಿ ಹಾಕಲು ಆ ಕಂಪನಿಗೆ ತಾತ್ಕಾಲಿಕ ಪರ್ಮಿಷನ್ ಕೊಟ್ಟಿದ್ದರು. ಮುಂದಿನ ತಿಂಗಳೇ ಆ ಏರ್ಪಾಡು ನಿಂತಿತು. ಪರ್ಮಿಷನ್ ಮಾತ್ರ ಯಾರೂ ತೆಗೆಯಲಿಲ್ಲ. ಕಂಪನಿಯೊಳಗೆ ನುಗ್ಗಿದವರಿಗೆ ಐದೂ ಸಿಕ್ಕಿತು. ಕಳ್ಳತನವಾಗಿದೆ ಅಂತ ಗೊತ್ತಾಗಿದ್ದೇ ಸುಮಾರು ಒಂದು ವಾರದ ಮೇಲೆ, ಯಾರೋ ಒಬ್ಬರು ತಮ್ಮ 5,000 ಈಥರ್ (ಒಂದು ಬಗೆಯ ಕ್ರಿಪ್ಟೋ) ತೆಗೆಯಲು ಹೋಗಿ ಆಗದೇ ಇದ್ದಾಗ.

"ಇವತ್ತೊಂದಿನ ಪರ್ಮಿಷನ್ ಕೊಟ್ಟಿರು" ಅನ್ನುವ ಮಾತು ಓದಿದಾಗ ನನಗೆ ನೆನಪಾಗಿದ್ದು ಇದು.

ಸುಮ್ನೆ_ಬಂದೆ

ಸರಿ ಮೇಡಂ, ಕತ್ತಿಯ ಮಾತು ವಾಪಸ್ ತಗೊಂಡೆ. ಆದರೆ ಅದು ಕೀಲಿ ಕದ್ದಿದ್ದು. ಅದರಲ್ಲಿ ಡೀಪ್‌ಫೇಕ್ ಎಲ್ಲಿ ಬಂತು? ವಾಯ್ಸ್ ಚಾಟ್ ಬಿಡಿ, ಮುಖ ತೋರಿಸು ಅಂತ ವಿಡಿಯೋ ಕಾಲ್ ಮಾಡಿದ್ದರೆ ನಿಮ್ಮ ಹುಡುಗ ಬಚಾವ್ ಆಗುತ್ತಿದ್ದ, ಅಲ್ವಾ?

ರಾತ್ರಿ_ಪಾಳಿ

ಆಗುತ್ತಿರಲಿಲ್ಲ. ನಾನು ಲೆಕ್ಕಪತ್ರದ ಕೆಲಸದವನು, ನಮಗೆ ತರಬೇತಿಯಲ್ಲಿ ಹೇಳುವ ಮೊದಲ ಕಥೆಯೇ ಅರೂಪ್ ಕಂಪನಿಯದು. ದೊಡ್ಡ ಎಂಜಿನಿಯರಿಂಗ್ ಕಂಪನಿ. ಅದರ ಹಾಂಕಾಂಗ್ ಆಫೀಸಿನ ಉದ್ಯೋಗಿಯೊಬ್ಬರಿಗೆ, "ಗುಟ್ಟಾಗಿ ಒಂದು ವರ್ಗಾವಣೆ ಆಗಬೇಕು" ಅಂತ ಮುಖ್ಯ ಹಣಕಾಸು ಅಧಿಕಾರಿಯ ಹೆಸರಿನಲ್ಲಿ ಮೆಸೇಜ್ ಬಂತು. ಅವರಿಗೆ ಅನುಮಾನ ಬಂತು. ಆಮೇಲೆ ವಿಡಿಯೋ ಮೀಟಿಂಗಿಗೆ ಕರೆದರು. ಹೋಗಿ ನೋಡಿದರೆ ಆ ಅಧಿಕಾರಿ ಕೂತಿದ್ದಾರೆ, ಪರಿಚಯದ ಬೇರೆ ಸಹೋದ್ಯೋಗಿಗಳೂ ಕೂತಿದ್ದಾರೆ. ಅನುಮಾನ ಹೋಯಿತು. 15 ಸಲ ದುಡ್ಡು ಕಳಿಸಿದರು, ಒಟ್ಟು 20 ಕೋಟಿ ಹಾಂಕಾಂಗ್ ಡಾಲರ್. ಆ ಮೀಟಿಂಗಿನಲ್ಲಿ ನಿಜವಾದ ಮನುಷ್ಯ ಅಂತ ಇದ್ದಿದ್ದು ಅವರೊಬ್ಬರೇ. ಇದು ಹೊರಗೆ ಬಂದಿದ್ದು 2024ರಲ್ಲಿ.

ಗಮನಿಸಿ, ಮೆಸೇಜ್ ನೋಡಿದಾಗ ಅವರು ಸರಿಯಾಗೇ ಅನುಮಾನ ಪಟ್ಟಿದ್ದರು. ಆ ಅನುಮಾನ ಕಳೆದಿದ್ದೇ ಮುಖ ನೋಡಿ. "ಮುಖ ತೋರಿಸು" ಅನ್ನುವುದೇ ಇಲ್ಲಿ ಬಲೆಯಾಯಿತು.

ಅದೇ ವರ್ಷ ಫೆರಾರಿ ಕಾರ್ ಕಂಪನಿಯಲ್ಲೂ ಪ್ರಯತ್ನ ನಡೆಯಿತು. ಮುಖ್ಯಸ್ಥರ ದನಿಯಲ್ಲಿ ಒಬ್ಬ ಅಧಿಕಾರಿಗೆ ಕರೆ ಬಂತು, ದಕ್ಷಿಣ ಇಟಲಿಯ ಉಚ್ಚಾರಣೆ ಸಮೇತ. ಆ ಅಧಿಕಾರಿ ದನಿಯ ಗೋಜಿಗೇ ಹೋಗಲಿಲ್ಲ. "ಮೊನ್ನೆ ನನಗೆ ಒಂದು ಪುಸ್ತಕ ಓದಲು ಹೇಳಿದಿರಲ್ಲ, ಅದರ ಹೆಸರೇನು?" ಅಂತ ಕೇಳಿದರು. ಕರೆ ಅಲ್ಲೇ ಕಟ್.

ಇದರಲ್ಲಿ ಎಐ ಪತ್ತೆಹಚ್ಚುವ ಸಾಫ್ಟ್‌ವೇರ್ ಇಲ್ಲ, ಪರಿಣಿತಿ ಇಲ್ಲ. ಇಬ್ಬರಿಗೇ ಗೊತ್ತಿದ್ದ, ಇಂಟರ್‌ನೆಟ್ಟಿನಲ್ಲಿ ಎಲ್ಲೂ ಇಲ್ಲದ ಒಂದು ಸಂಗತಿ ಇತ್ತು.

ತಿಳಿದಷ್ಟು_ಹೇಳ್ತೀನಿ

ಡೀಪ್‌ಫೇಕ್ ಹಿಡಿಯುವುದು ಸುಲಭ ಸರ್. ಕಣ್ಣು ರೆಪ್ಪೆ ಹೊಡೆಯುವುದಿಲ್ಲ. ಬೆರಳು ಎಣಿಸಿ. ಪಕ್ಕಕ್ಕೆ ತಿರುಗು ಅನ್ನಿ, ಮುಖ ಚೆದುರುತ್ತದೆ. ಇದಿಷ್ಟು ಗೊತ್ತಿದ್ದರೆ ಸಾಕು.

ಕೋಡು_ಗೀಚುವವ

ಅಣ್ಣ, ರೆಪ್ಪೆಯ ವಿಷಯ 2018ರದ್ದು. ಎಐಗೆ ಕಲಿಸಲು ಬಳಸಿದ ಫೋಟೋಗಳಲ್ಲಿ ಎಲ್ಲರೂ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದರು, ಹಾಗಾಗಿ ಅದು ರೆಪ್ಪೆ ಹೊಡೆಯುವುದನ್ನು ಕಲಿತಿರಲಿಲ್ಲ. ಸಂಶೋಧಕರು ಅದನ್ನು ಕಂಡುಹಿಡಿದು ಹೇಳಿದರು. ಸ್ವಲ್ಪ ಸಮಯದಲ್ಲೇ ರೆಪ್ಪೆ ಹೊಡೆಯುವ ಡೀಪ್‌ಫೇಕ್ ಬಂತು. ಪಕ್ಕಕ್ಕೆ ತಿರುಗುವ ಉಪಾಯ ಇನ್ನೂ ಕೆಲವು ಕಡೆ ನಡೆಯುತ್ತದೆ, ಆದರೆ ಎಷ್ಟು ದಿನ?

ಇದರ ಹುಟ್ಟಿನಲ್ಲೇ ಆ ಗುಣ ಇದೆ. 2014ರಲ್ಲಿ ಬಂದ ಗ್ಯಾನ್ ಅನ್ನುವ ವಿಧಾನದಲ್ಲಿ ಒಂದು ಎಐ ನಕಲಿ ಚಿತ್ರ ಮಾಡುತ್ತದೆ, ಇನ್ನೊಂದು ಅದನ್ನು ಹಿಡಿಯಲು ನೋಡುತ್ತದೆ. ಹಿಡಿದಾಗಲೆಲ್ಲ ಮೊದಲನೆಯದು ತಿದ್ದಿಕೊಳ್ಳುತ್ತದೆ. ಈಗ ಬೇರೆ ವಿಧಾನಗಳೂ ಬಂದಿವೆ, ಆದರೆ ಹಿಡಿಯುವ ಉಪಾಯವೇ ನಕಲಿ ಮಾಡುವವನಿಗೆ ಪಾಠವಾಗುವುದು ನಿಂತಿಲ್ಲ.

ನಮ್ಮ ಕಣ್ಣಿನ ಮೇಲೂ ಜಾಸ್ತಿ ಭರವಸೆ ಬೇಡ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರಿಗೆ ಎಐ ಮಾಡಿದ ಮುಖ, ನಿಜವಾದ ಮುಖ ಎರಡನ್ನೂ ತೋರಿಸಿ ಯಾವುದು ಯಾವುದು ಅಂತ ಕೇಳಿದರು. ಸರಿ ಉತ್ತರ 48% ಚಿಲ್ಲರೆ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಇನ್ನೂ ಮಜಾ ಅಂದರೆ, ಎಐ ಮುಖಗಳೇ ನಂಬಿಕಸ್ಥರ ಹಾಗೆ ಕಾಣುತ್ತವೆ ಅಂತ ಜನ ಸ್ವಲ್ಪ ಜಾಸ್ತಿ ಅಂಕ ಕೊಟ್ಟರು.

ಎರಡು_ಮಕ್ಕಳ_ಅಮ್ಮ

ನೀವೆಲ್ಲ ದೊಡ್ಡವರ ದುಡ್ಡಿನ ಬಗ್ಗೆ ಮಾತಾಡುತ್ತಿದ್ದೀರಿ. ಈ ಲೋಕಗಳಲ್ಲಿ ಬಹಳಷ್ಟು ಜನ ಮಕ್ಕಳೇ ಅಲ್ವಾ? ನನ್ನ ಮಗ ರೋಬ್ಲಾಕ್ಸ್ ಅನ್ನುವ ಆನ್‌ಲೈನ್ ಗೇಮ್ ಆಡುತ್ತಾನೆ. ಒಂದು ದಿನ ಅವನು ಬ್ರೌಸರಿನಲ್ಲಿ ಏನೋ ಬೇರೆ ಕಿಟಕಿ ತೆರೆದು ಉದ್ದದ ಸಾಲೊಂದನ್ನು ಕಾಪಿ ಮಾಡುತ್ತಿದ್ದ. ಏನಪ್ಪಾ ಅಂದರೆ, "ಒಬ್ಬ ಫ್ರೆಂಡು ಕೇಳಿದಾನೆ, ಇದನ್ನು ಕಳಿಸಿದರೆ ಪುಕ್ಕಟೆ ರೋಬಕ್ಸ್ ಬರುತ್ತಂತೆ" ಅಂದ. (ರೋಬಕ್ಸ್ ಅಂದರೆ ಆ ಗೇಮಿನ ದುಡ್ಡು.) ಆ ಸಾಲಿನ ಶುರುವಿನಲ್ಲೇ ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ ಇತ್ತು, ಇದನ್ನು ಯಾರಿಗೂ ಕೊಡಬೇಡಿ, ಕೊಟ್ಟರೆ ಅವರು ನಿಮ್ಮ ಹೆಸರಿನಲ್ಲಿ ಒಳಗೆ ಬರುತ್ತಾರೆ ಅಂತ. ಅವನು ಅದನ್ನು ಓದಿಯೇ ಇರಲಿಲ್ಲ. ಕಳಿಸುವ ಮುಂಚೆ ಸಿಕ್ಕಿದ, ಪುಣ್ಯ.

ಆ "ಫ್ರೆಂಡು" ಯಾರು ಅಂದರೆ ದನಿ ಮಾತ್ರ ಗೊತ್ತು. ಹುಡುಗನ ದನಿಯಂತೆ. ಮೇಲಿನ ಉತ್ತರಗಳನ್ನು ಓದಿದ ಮೇಲೆ ಆ ದನಿ ಯಾರದ್ದಿತ್ತೋ ಅಂತ ಹೊಟ್ಟೆಯಲ್ಲಿ ಸಂಕಟವಾಗುತ್ತಿದೆ.

ಕೋಡು_ಗೀಚುವವ

ಅಕ್ಕ, ಅದು ಲಾಗಿನ್ ಕುಕಿ. ನೀವು ಒಮ್ಮೆ ಪಾಸ್‌ವರ್ಡ್ ಕೊಟ್ಟು ಒಳಗೆ ಹೋದ ಮೇಲೆ "ಇವರನ್ನು ಮತ್ತೆ ಕೇಳಬೇಡ" ಅಂತ ಬ್ರೌಸರ್ ಇಟ್ಟುಕೊಳ್ಳುವ ಚೀಟಿ. ಅದು ಕೈಗೆ ಸಿಕ್ಕರೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. "ನಾನು ಮಾಡಿದ ಗೇಮ್ ಸ್ವಲ್ಪ ಆಡಿ ನೋಡು" ಅಂತ ಫೈಲ್ ಕಳಿಸುವವರೂ ಹುಡುಕುವುದು ಇದನ್ನೇ. ಮಗ ಒಂದು ವೇಳೆ ಕಳಿಸಿಬಿಟ್ಟರೆ ತಕ್ಷಣ ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿಸಿ, ಪಾಸ್‌ವರ್ಡ್ ಬದಲಿಸಿ. ಆಗ ಆ ಹಳೇ ಚೀಟಿ ಸತ್ತುಹೋಗುತ್ತದೆ.

ದನಿಯ ಬಗ್ಗೆ ನಿಮ್ಮ ಸಂಕಟ ಸರಿಯಾದದ್ದೇ. ವಯಸ್ಸಾದವನು ಮಗುವಿನ ದನಿಯಲ್ಲಿ ಮಾತಾಡುವುದು ಇವತ್ತು ಒಂದು ಬಟನ್ ಕೆಲಸ.

ಹೆಡ್‌ಸೆಟ್_ಹುಡುಗಿ

ನಾನು ವಿಆರ್ ಬಳಸುವವಳು, ಅಂದರೆ ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ವರ್ಚುವಲ್ ಲೋಕದೊಳಗೇ ನಿಂತ ಹಾಗೆ ಓಡಾಡುವವಳು. ಇಲ್ಲಿ ಯಾರಾದರೂ ಬಂದು "ಕಿರಿಕಿರಿ ಆದರೆ ಹೆಡ್‌ಸೆಟ್ ತೆಗೆದುಬಿಡಿ" ಅನ್ನುವ ಮುಂಚೆ ಹೇಳಿಬಿಡುತ್ತೇನೆ. ತೆಗೆಯುವ ಹೊತ್ತಿಗೆ ಆಗಬೇಕಾದ್ದು ಆಗಿರುತ್ತದೆ. ಅವತಾರದ ಕೈಗಳು ನನ್ನ ಕೈ ಆಡಿದ ಹಾಗೇ ಆಡುತ್ತವೆ, ಬಗ್ಗಿದರೆ ಬಗ್ಗುತ್ತದೆ. ಯಾರೋ ಮೇಲೆ ಬಿದ್ದರೆ ಮೈ ಹಿಂದಕ್ಕೆ ಸರಿಯುತ್ತದೆ, ಅದು ಯೋಚನೆ ಮಾಡಿ ಸರಿಯುವುದಲ್ಲ. ಫೇಸ್‌ಬುಕ್ಕಿನ ಕಂಪನಿ ಮೆಟಾದ ವಿಆರ್ ಲೋಕ ಹೊರೈಜನ್ ವರ್ಲ್ಡ್ಸ್‌ನಲ್ಲಿ ಇಂಥ ದೂರುಗಳು ಬಂದ ಮೇಲೆ ಫೆಬ್ರವರಿ 2022ರಲ್ಲಿ ಅವತಾರಗಳ ಮಧ್ಯೆ ಸುಮಾರು 4 ಅಡಿ ಅಂತರ ಇಡುವ ಏರ್ಪಾಡು ತಂದರು. 2024ರ ಶುರುವಿನಲ್ಲಿ, ಹದಿನಾರು ತುಂಬದ ಹುಡುಗಿಯೊಬ್ಬಳ ಅವತಾರದ ಮೇಲೆ ವಿಆರ್‌ನಲ್ಲಿ ನಡೆದ ಗುಂಪು ದಾಳಿಯನ್ನು ಬ್ರಿಟನ್ ಪೊಲೀಸರು ತನಿಖೆ ಮಾಡುತ್ತಿದ್ದಾರೆ ಅಂತ ಸುದ್ದಿ ಬಂತು.

ಇದು ಹೊಸ ಕಾಲದ ಕಾಯಿಲೆ ಅನ್ನುವವರು 1993ರ ಲ್ಯಾಂಬ್ಡಾಮೂ ಬಗ್ಗೆ ಓದಬೇಕು. ಚಿತ್ರವೇ ಇಲ್ಲದ, ಬರೀ ಅಕ್ಷರದ ಲೋಕ ಅದು. ಒಬ್ಬ ಬಳಕೆದಾರ ಒಂದು ಸಣ್ಣ ಪ್ರೋಗ್ರಾಂ ತಂದ. ಅದರಿಂದ ಬೇರೆಯವರ ಪಾತ್ರಗಳು ಏನೇನೋ ಮಾಡಿದವು ಅಂತ ಎಲ್ಲರ ಪರದೆಯ ಮೇಲೆ ಸಾಲು ಮೂಡುತ್ತಿತ್ತು. ಅವರು ಅದನ್ನು ಮಾಡಿಯೇ ಇಲ್ಲ. ಆದರೆ ಅವರ ಹೆಸರಿನಲ್ಲಿ, ಎಲ್ಲರ ಎದುರಿಗೆ, ಲೈಂಗಿಕ ಹಿಂಸೆಯ ಸಾಲುಗಳು ಓಡುತ್ತಿವೆ. ಇದಕ್ಕೂ ಡೀಪ್‌ಫೇಕಿಗೂ ಏನು ವ್ಯತ್ಯಾಸ ಹೇಳಿ? ನನ್ನ ಹೆಸರು, ನನ್ನ ರೂಪ, ಮಾಡಿಸುವವನು ಬೇರೆ. ಕೊನೆಗೆ ಅವನ ಅಕೌಂಟ್ ಅಳಿಸಿದರು. ಅವನು ಇನ್ನೊಂದು ಹೆಸರಿನಲ್ಲಿ ವಾಪಸ್ ಬಂದ. ಇವತ್ತಿನ ಬ್ಯಾನ್ ಕಥೆಯೂ ಅದೇ ತಾನೇ.

ಡೀಪ್‌ಫೇಕ್ ಅಂದ ತಕ್ಷಣ ಎಲ್ಲರೂ ರಾಜಕಾರಣಿಗಳ ವಿಡಿಯೋ, ಬ್ಯಾಂಕ್ ಮೋಸ ಅನ್ನುತ್ತಾರೆ. 2019ರಲ್ಲಿ ಡೀಪ್‌ಟ್ರೇಸ್ ಅನ್ನುವ ಸಂಸ್ಥೆ ಲೆಕ್ಕ ಹಾಕಿದಾಗ, ಆನ್‌ಲೈನಿನಲ್ಲಿ ಸಿಕ್ಕ ಡೀಪ್‌ಫೇಕ್ ವಿಡಿಯೋಗಳಲ್ಲಿ 96% ಒಪ್ಪಿಗೆ ಇಲ್ಲದೆ ಮಾಡಿದ ಅಶ್ಲೀಲ ವಿಡಿಯೋಗಳು. ಬಲಿಯಾದವರು ಹೆಂಗಸರು. ಇದು ಚರ್ಚೆಯ ತುದಿಯಲ್ಲಿ ಬರಬೇಕಾದ ವಿಷಯ ಅಲ್ಲ, ಇದೇ ನಡುಮಧ್ಯ.

ನೀಲಿ_ಹೆಲ್ಮೆಟ್

ವಿಆರ್‌ನಲ್ಲಿ ಕೈ ಆಡಿಸುವ ರೀತಿ, ತಲೆ ತಿರುಗಿಸುವ ರೀತಿ ಒಬ್ಬೊಬ್ಬರದ್ದು ಒಂದೊಂದು ಥರ ಇರುತ್ತದಲ್ಲ. ಅದನ್ನೇ ಗುರುತಾಗಿ ಬಳಸಬಹುದಾ? ದನಿ ಕದಿಯಬಹುದು, ನಡಿಗೆ ಕದಿಯೋಕೆ ಆಗುತ್ತಾ?

ಕೋಡು_ಗೀಚುವವ

ಒಳ್ಳೇ ಪ್ರಶ್ನೆ, ಉತ್ತರ ಮಾತ್ರ ಹೆದರಿಸುತ್ತದೆ. ಬೀಟ್ ಸೇಬರ್ ಅಂತ ಒಂದು ವಿಆರ್ ಗೇಮ್ ಇದೆ, ಹಾಡಿನ ತಾಳಕ್ಕೆ ಎದುರು ಬರುವ ಡಬ್ಬಿಗಳನ್ನು ಕತ್ತಿಯಿಂದ ಸೀಳುವುದು. ಅದನ್ನು ಆಡಿದ 55,000ಕ್ಕೂ ಹೆಚ್ಚು ಜನರ ತಲೆ ಮತ್ತು ಕೈಗಳ ಚಲನೆಯನ್ನು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ವಿಶ್ಲೇಷಿಸಿದರು. 100 ಸೆಕೆಂಡಿನ ಚಲನೆ ಕೊಟ್ಟರೆ ಅಷ್ಟು ಜನರಲ್ಲಿ ಇವನು ಯಾರು ಅಂತ 94% ಸಲ ಸರಿಯಾಗಿ ಗುರುತಿಸಿದರು. 10 ಸೆಕೆಂಡ್ ಕೊಟ್ಟರೂ 73%.

ಹಾಗಾಗಿ ಗುರುತು ಸಿಗುತ್ತದೆ. ಆದರೆ ಯಾರಿಗೆ? ಆ ಮಾಹಿತಿ ಹೆಡ್‌ಸೆಟ್ಟಿನಿಂದ ಕಂಪನಿಗೆ, ಗೇಮಿಗೆ ಹೋಗುತ್ತದೆ. ನಿಮ್ಮ ಜೊತೆ ಒಂದೇ ಕೋಣೆಯಲ್ಲಿ ಆಡುವವರ ಕಂಪ್ಯೂಟರಿಗೂ ಹೋಗುತ್ತದೆ, ಯಾಕಂದರೆ ನಿಮ್ಮ ಅವತಾರ ಅವರ ಪರದೆಯಲ್ಲಿ ಆಡಬೇಕಲ್ಲ. ರೆಕಾರ್ಡ್ ಮಾಡಿಕೊಂಡವನು ಇನ್ನೊಂದು ಕಡೆ ಅದನ್ನೇ ಓಡಿಸಬಹುದು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಕೈ ಬೀಸುವ ರೀತಿಯನ್ನು ಹೇಗೆ ಬದಲಿಸುತ್ತೀರಿ?

ಇನ್ನೊಂದು ಹೇಳಲೇಬೇಕು, ನನಗೆ ಬಹಳ ಇಷ್ಟವಾದದ್ದು (ಇಷ್ಟ ಅನ್ನುವುದು ತಪ್ಪು ಪದವೇನೋ). ಆಪಲ್‌ನ ವಿಷನ್ ಪ್ರೋ ಹೆಡ್‌ಸೆಟ್ಟಿನಲ್ಲಿ ಕೀಬೋರ್ಡಿನ ಅಕ್ಷರವನ್ನು ಕಣ್ಣಿನಿಂದ ನೋಡಿ ಟೈಪ್ ಮಾಡಬಹುದು. ವಿಡಿಯೋ ಕಾಲ್‌ನಲ್ಲಿ ನಿಮ್ಮ ಬದಲಿಗೆ ನಿಮ್ಮ ಡಿಜಿಟಲ್ ಮುಖ ಕಾಣುತ್ತದೆ. ಆ ಮುಖದ ಕಣ್ಣು ನಿಮ್ಮ ಕಣ್ಣಿನ ಹಾಗೇ ಆಡುತ್ತದೆ. ಕಾಲ್‌ನಲ್ಲಿರುವಾಗ ನೀವು ಪಾಸ್‌ವರ್ಡ್ ಟೈಪ್ ಮಾಡಿದರೆ, ಎದುರಿಗಿದ್ದವನು ಆ ಕಣ್ಣುಗಳನ್ನು ನೋಡಿಯೇ ಯಾವ ಅಕ್ಷರ ಅಂತ ಊಹಿಸಬಹುದು. 2024ರಲ್ಲಿ ಸಂಶೋಧಕರು ಇದನ್ನು ಮಾಡಿ ತೋರಿಸಿದರು. ಆಪಲ್ ಸರಿಪಡಿಸಿತು, ಈಗ ಆ ಕೀಬೋರ್ಡ್ ತೆರೆದಿದ್ದಾಗ ಡಿಜಿಟಲ್ ಮುಖ ನಿಂತುಬಿಡುತ್ತದೆ. ಎದುರಿನವನು ಏನನ್ನೂ ಹ್ಯಾಕ್ ಮಾಡಿರಲಿಲ್ಲ, ನೋಡಿ. ಎಲ್ಲರಿಗೂ ಕಾಣುತ್ತಿದ್ದ ಮುಖದಿಂದಲೇ ಗುಟ್ಟು ಸೋರುತ್ತಿತ್ತು.

ಅಳಿಸಲಾದ_ಬಳಕೆದಾರ

[ಈ ಉತ್ತರವನ್ನು ತೆಗೆಯಲಾಗಿದೆ]

ನಿರ್ವಾಹಕಿ

ಮೇಲೆ ಒಬ್ಬರು "ನನ್ನ ಕಳೆದುಹೋದ ಖಾತೆಯನ್ನು ಒಬ್ಬ ಸರ್ ವಾಪಸ್ ತಂದುಕೊಟ್ಟರು, ನಂಬರ್ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ" ಅಂತ ಹಾಕಿದ್ದರು. ತೆಗೆದಿದ್ದೇನೆ. ಮೋಸ ಹೋದವರು ಎಲ್ಲಿ ಸೇರುತ್ತಾರೋ ಇವರು ಅಲ್ಲಿಗೇ ಬರುತ್ತಾರೆ. ಮುಂಗಡ ಫೀಸು ಕೇಳುತ್ತಾರೆ, ಆಮೇಲೆ ಇನ್ನೊಂದು ಫೀಸು. ಈ ಚರ್ಚೆಯಲ್ಲಿ ಯಾರಿಗಾದರೂ ಅಂಥ ಮೆಸೇಜ್ ಬಂದಿದ್ದರೆ ನನಗೆ ಕಳಿಸಿ.

ರಾತ್ರಿ_ಪಾಳಿ

ಇಷ್ಟೆಲ್ಲ ತಲೆನೋವು ಯಾಕೆ? ಎಲ್ಲರೂ ಸರ್ಕಾರಿ ಗುರುತಿನ ಚೀಟಿ ಕೊಟ್ಟು, ಮುಖ ಸ್ಕ್ಯಾನ್ ಮಾಡಿಸಿಯೇ ಒಳಗೆ ಬರಲಿ. ಬ್ಯಾಂಕಿನಲ್ಲಿ ಕೊಡುವುದಿಲ್ಲವೇ?

ಹೆಡ್‌ಸೆಟ್_ಹುಡುಗಿ

ಬೇಡವೇ ಬೇಡ. ನಾನು ಅಡ್ಡಹೆಸರಿನಲ್ಲಿ ಇರುವುದೇ ನನ್ನ ಬೆನ್ನು ಹತ್ತಿದ್ದ ಒಬ್ಬನಿಗೆ ಸಿಗಬಾರದು ಅಂತ. ನನ್ನಂಥವರು ಎಷ್ಟು ಜನ ಇದ್ದಾರೋ. ಮತ್ತೆ, ಆ ಚೀಟಿಗಳು ಎಲ್ಲಿ ಹೋಗಿ ಕೂರುತ್ತವೆ? 2025ರಲ್ಲಿ ಡಿಸ್ಕಾರ್ಡ್‌ಗೆ (ಗೇಮ್ ಆಡುವವರು ಬಹಳ ಬಳಸುವ ಚಾಟ್ ಆ್ಯಪ್) ಗ್ರಾಹಕ ಸೇವೆ ಕೊಡುತ್ತಿದ್ದ ಹೊರಗಿನ ಸಂಸ್ಥೆಯೊಂದರಿಂದ ಮಾಹಿತಿ ಸೋರಿತು. ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಫೋಟೋಗಳು ಅದರಲ್ಲಿ ಇದ್ದಿರಬಹುದು ಅಂತ ಡಿಸ್ಕಾರ್ಡೇ ಹೇಳಿತು. ವಯಸ್ಸು ಸಾಬೀತು ಮಾಡಲು ಕೊಟ್ಟಿದ್ದ ಚೀಟಿಗಳು. ಡೀಪ್‌ಫೇಕ್ ಮಾಡುವವನಿಗೆ ಇದಕ್ಕಿಂತ ಒಳ್ಳೇ ಸಾಮಾನು ಬೇಕಾ? ಮುಖ, ಹೆಸರು, ಹುಟ್ಟಿದ ದಿನ, ಎಲ್ಲ ಒಂದೇ ಫೋಟೋದಲ್ಲಿ.

ರಾತ್ರಿ_ಪಾಳಿ

ಆ ದೃಷ್ಟಿಯಲ್ಲಿ ನೋಡಿದರೆ ನೀವು ಹೇಳುವುದರಲ್ಲಿ ಅರ್ಥ ಇದೆ. ಆದರೂ ಮಕ್ಕಳು ಇರುವ ಕಡೆ ಏನಾದರೊಂದು ತಡೆ ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ರೋಬ್ಲಾಕ್ಸ್ ಈಗ ಚಾಟ್ ಮಾಡಬೇಕಾದರೆ ಮುಖ ನೋಡಿ ವಯಸ್ಸು ಅಂದಾಜು ಮಾಡುವ ಪದ್ಧತಿ ತಂದಿದೆ.

ಎರಡು_ಮಕ್ಕಳ_ಅಮ್ಮ

ಮಗನ ಮುಖ ಕ್ಯಾಮೆರಾಗೆ ಕೊಡಲೂ ಭಯ, ಕೊಡದೆ ಬಿಡಲೂ ಭಯ. ಇದರಲ್ಲಿ ಯಾವುದು ಸರಿ ಅಂತ ನನಗೆ ಇನ್ನೂ ತೀರ್ಮಾನ ಆಗಿಲ್ಲ.

ಕೆಂಪು_ಮೇಲಂಗಿ

ನಮಸ್ಕಾರ, ನಾನೇ ಆ ಲೀಡರ್. (ನಿಜವಾಗಲೂ ನಾನಾ ಅಂತ ಕೇಳುವವರು ನೀಲಿ_ಹೆಲ್ಮೆಟ್‌ಗೆ ಫೋನ್ ಮಾಡಿ ಕೇಳಿ.)

ಯಾರೋ ಆ ರಾತ್ರಿಯ ಆಡಿಯೋ ರೆಕಾರ್ಡ್ ಮಾಡಿದ್ದರು, ಕೇಳಿದೆ. ನನ್ನ ದನಿಯಲ್ಲಿ ನಾನು ಎಂದೂ ಆಡದ ಮಾತು ಕೇಳುವಾಗ ಕೈಕಾಲು ತಣ್ಣಗಾಯಿತು. ಆ ಹುಡುಗ ಒಂದು ಕಡೆ ಅನುಮಾನದಿಂದ "ಅಣ್ಣಾ, ನಾಳೆ ಮಾಡಿದರೆ ಆಗಲ್ವಾ?" ಅನ್ನುತ್ತಾನೆ. ಅದಕ್ಕೆ ನನ್ನ ದನಿ "ನನ್ನ ಮೇಲೆ ನಂಬಿಕೆ ಇಲ್ವೇನೋ?" ಅನ್ನುತ್ತದೆ. ಎರಡು ಸೆಕೆಂಡ್ ಮೌನ. ಆಮೇಲೆ "ಹಾಗಲ್ಲ ಅಣ್ಣಾ" ಅಂತ ಅವನು ಬಟನ್ ಒತ್ತುತ್ತಾನೆ. ಎಐ ಮಾಡಿದ್ದು ದನಿ ಮಾತ್ರ. ಅವನನ್ನು ಒತ್ತುವ ಹಾಗೆ ಮಾಡಿದ್ದು ಆ ಒಂದು ಪ್ರಶ್ನೆ. ಅದು ಯಾವ ಕಾಲದಿಂದಲೋ ಇರುವ ಉಪಾಯ.

ಅದಕ್ಕೇ ನಮ್ಮ ಗಿಲ್ಡಿನಲ್ಲಿ ಈಗ ಯಾರ ದನಿಗೂ ಬೆಲೆ ಇಲ್ಲ, ನನ್ನದಕ್ಕೂ ಸೇರಿ. ಖಜಾನೆಗೆ ಹೊಸಬರನ್ನು ಸೇರಿಸಬೇಕಾದರೆ ಇಬ್ಬರು ಬೇರೆ ಬೇರೆಯಾಗಿ ಒಪ್ಪಬೇಕು. ಒಪ್ಪಿದ ಮೇಲೂ ಒಂದು ದಿನ ಕಾಯಬೇಕು. ಅರ್ಜೆಂಟ್ ಅಂದರೆ ಎರಡು ದಿನ. ಹಾಂ, ಬೇಕಂತಲೇ ಹಾಗೆ ಇಟ್ಟಿದ್ದೇವೆ. ಇನ್ನು "ಇಲ್ಲ" ಅಂದವನನ್ನು ಯಾರೂ, ನಾನೂ, ಯಾಕೆ ಅಂತ ಕೇಳುವ ಹಾಗಿಲ್ಲ. ಅಕೌಂಟ್ ಹೋಯಿತು ಅಂದವರಿಗೆ ಗೇಮಿನ ಹೊರಗೆ, ನಮ್ಮ ಬಳಿ ಮೊದಲೇ ಇರುವ ನಂಬರಿಗೆ ನಾವೇ ಫೋನ್ ಮಾಡುತ್ತೇವೆ. ಅವರು ಕೊಟ್ಟ ನಂಬರಿಗಲ್ಲ.

ಸ್ಟ್ರೀಮ್ ನಿಲ್ಲಿಸು ಅಂತ ಕೆಲವರು ಹೇಳಿದರು. ನಿಲ್ಲಿಸುವುದಿಲ್ಲ. ಇಷ್ಟು ದಿನ ಹೊರಗೆ ಹೋದ ದನಿ ವಾಪಸ್ ಬರುವುದಿಲ್ಲ, ಇನ್ನು ಬಾಯಿ ಮುಚ್ಚಿಕೊಂಡು ಏನು ಲಾಭ? ಒಂದು ತೊಂದರೆ ಮಾತ್ರ ಇದೆ. ಈಗ ನಾನು ನಿಜವಾಗಲೂ ಯಾರಿಗಾದರೂ ಬೈದರೆ, "ಅದು ನೀನಲ್ಲ ಬಿಡು, ಡೀಪ್‌ಫೇಕ್" ಅಂತ ನಗುತ್ತಾರೆ. ನಗೆಯ ಮಾತು ಇರಲಿ. ಮುಂದೆ ಯಾರಾದರೂ ನಿಜವಾಗಲೂ ಕೆಟ್ಟ ಮಾತಾಡಿ ಸಿಕ್ಕಿಬಿದ್ದರೆ, ಅವರು ಹೇಳುವುದೂ ಇದನ್ನೇ.

ಕಾನೂನು_ಓದುವವಳು

ಆ ಆಡಿಯೋ ಅಳಿಸಬೇಡಿ! ಮೂಲ ಫೈಲನ್ನೇ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿ ಕುಗ್ಗಿದ ಕಾಪಿ ಅಲ್ಲ. ಕಳ್ಳನ ಅಕೌಂಟಿನ ಹೆಸರಿನ ಜೊತೆಗೆ ಅದರ ಐಡಿ ನಂಬರ್ ಬರೆದಿಡಿ, ಹೆಸರನ್ನು ಅವನು ಆಗಲೇ ಬದಲಿಸಿರುತ್ತಾನೆ. ಯಾವ ಸರ್ವರ್, ಎಷ್ಟು ಗಂಟೆ, ಯಾವ ದೇಶದ ಗಡಿಯಾರದ ಪ್ರಕಾರ, ವಸ್ತುಗಳು ಯಾವ ಅಕೌಂಟಿಗೆ ಹೋದವು, ಇಷ್ಟೂ ಬೇಕು. ಕಂಪನಿಗಳು ಲಾಗ್‌ಗಳನ್ನು, ಅಂದರೆ ಯಾರು ಯಾವಾಗ ಏನು ಮಾಡಿದರು ಅನ್ನುವ ದಾಖಲೆಗಳನ್ನು, ಕಾಯಂ ಇಡುವುದಿಲ್ಲ. ಹಾಗಾಗಿ "ವಸ್ತು ವಾಪಸ್ ಕೊಡಿ" ಅನ್ನುವ ಪತ್ರದ ಜೊತೆಗೆ "ಈ ಲಾಗ್ ಅಳಿಸಬೇಡಿ, ಪೊಲೀಸ್ ದೂರು ಕೊಡುತ್ತಿದ್ದೇವೆ" ಅಂತ ಇನ್ನೊಂದು ಪತ್ರ ಇವತ್ತೇ ಬರೆಯಿರಿ.

ಹೆಡ್‌ಸೆಟ್_ಹುಡುಗಿ ಎತ್ತಿದ ವಿಷಯಕ್ಕೆ ಬಂದರೆ, ಕಾನೂನು ನಿಧಾನಕ್ಕೆ ಎದ್ದಿದೆ. ದಕ್ಷಿಣ ಕೊರಿಯಾ 2024ರಲ್ಲಿ ಲೈಂಗಿಕ ಡೀಪ್‌ಫೇಕ್ ಇಟ್ಟುಕೊಳ್ಳುವುದನ್ನು, ನೋಡುವುದನ್ನೂ ಅಪರಾಧ ಮಾಡಿತು. ಅಮೆರಿಕದಲ್ಲಿ ಮೇ 2025ರ ಕಾನೂನಿನ ಪ್ರಕಾರ, ಒಪ್ಪಿಗೆ ಇಲ್ಲದೆ ಹಾಕಿದ ಖಾಸಗಿ ಚಿತ್ರವನ್ನು, ಎಐ ಮಾಡಿದ್ದಾದರೂ ಸರಿ, ದೂರು ಬಂದ 48 ಗಂಟೆಯೊಳಗೆ ಜಾಲತಾಣಗಳು ತೆಗೆಯಬೇಕು. ಕಾನೂನು ಇಲ್ಲದ ಕಡೆಯೂ ಒಂದು ದಾರಿ ಇದೆ. ಸ್ಟಾಪ್‌ಎನ್‌ಸಿಐಐ ಅನ್ನುವ ಸೇವೆಯಲ್ಲಿ ನಿಮ್ಮ ಫೋಟೋ ನಿಮ್ಮ ಫೋನಿನಲ್ಲೇ ಇರುತ್ತದೆ, ಅದರಿಂದ ತೆಗೆದ ಒಂದು ಅಂಕಿಗುರುತು ಮಾತ್ರ ಹೊರಗೆ ಹೋಗುತ್ತದೆ. ಸೇರಿಕೊಂಡ ಜಾಲತಾಣಗಳು ಆ ಗುರುತು ಹೊಂದುವ ಚಿತ್ರವನ್ನು ತಡೆಯುತ್ತವೆ. ಅದು 18 ದಾಟಿದವರಿಗೆ. ಚಿಕ್ಕವರಿಗೆ ಟೇಕ್ ಇಟ್ ಡೌನ್ ಅನ್ನುವ ಅಂಥದ್ದೇ ಇನ್ನೊಂದು ಸೇವೆ ಇದೆ, ಎರಡು_ಮಕ್ಕಳ_ಅಮ್ಮ ಬರೆದಿಟ್ಟುಕೊಳ್ಳಿ.

ಸುಮ್ನೆ_ಬಂದೆ

ಸುಮ್ನೆ ಬಂದವನು ಪೂರ್ತಿ ಓದಿದೆ. ನಮ್ಮ ಗಿಲ್ಡಿನಲ್ಲೂ ಇವತ್ತೇ ಎರಡು ಒಪ್ಪಿಗೆ ಪದ್ಧತಿ ತರೋಣ ಅಂತಿದ್ದೀನಿ. ಎರಡನೇ ಒಪ್ಪಿಗೆ ನಮ್ಮ ಲೀಡರ್ ತಮ್ಮನಿಗೆ ಕೊಟ್ಟರೆ ಆಗುತ್ತಾ? ಇಬ್ಬರೂ ಯಾವಾಗಲೂ ಮನೆಯಲ್ಲೇ ಇರುತ್ತಾರೆ, ಬೇಗ ಕೆಲಸ ಆಗುತ್ತದೆ.

ಕೋಡು_ಗೀಚುವವ

ಇಬ್ಬರೂ ಆಡುವುದು ಬೇರೆ ಬೇರೆ ಕಂಪ್ಯೂಟರಿನಲ್ಲಾ?

ಸುಮ್ನೆ_ಬಂದೆ

ಇಲ್ಲ, ಒಂದೇ. ಸರದಿ ಮೇಲೆ ಆಡ್ತಾರೆ.

ಕೋಡು_ಗೀಚುವವ

ಹಾಗಾದರೆ ಬೇರೆ ಯಾರನ್ನಾದರೂ ಹುಡುಕು ಗುರು. ಆ ಕಂಪ್ಯೂಟರಿಗೆ ಒಂದು ಕಳ್ಳ ಫೈಲ್ ಬಂದರೆ ಎರಡು ಒಪ್ಪಿಗೆಯೂ ಒಟ್ಟಿಗೆ ಹೋಗುತ್ತದೆ. ಬೇಗ ಕೆಲಸ ಆಗದ, ಬೇರೆ ಮನೆಯಲ್ಲಿರುವ, ಸ್ವಲ್ಪ ಸಂಶಯದ ಸ್ವಭಾವದವರು ಯಾರಿದ್ದಾರೆ ನಿಮ್ಮಲ್ಲಿ?

ಸುಮ್ನೆ_ಬಂದೆ

ಒಬ್ಬಳಿದ್ದಾಳೆ. ಯಾರು ಏನು ಕೇಳಿದರೂ ಮೊದಲು "ಯಾಕೆ?" ಅಂತಾಳೆ. ಎಲ್ಲರಿಗೂ ಅವಳ ಕಂಡರೆ ಕಿರಿಕಿರಿ. ಕೇಳಿ ನೋಡ್ತೀನಿ.